ಜೌಗಿನಿಂದ ಬಿಡಿಸಿದ ಗಾಡಿ

ದಿಂಬಿನ ಹೊಲಿಗೆಯನ್ನು ಸುಲೋಚನಮ್ಮ ಹಲ್ಲಿನಿಂದ ಕಚ್ಚಿ ಕಿತ್ತರು. ಕತ್ತರಿ ಅಡುಗೆಮನೆಯಲ್ಲಿತ್ತು, ಅಡುಗೆಮನೆಯಲ್ಲಿ ಮಗಳಿದ್ದಳು. ನಾಲ್ಕು ಹೊಲಿಗೆ ಬಿಚ್ಚಿದ ಮೇಲೆ ಕೈ ತೂರಿಸಿ, ಪುಕ್ಕದ ನಡುವೆ ತಡಕಾಡಿ, ಒಂದು ಜೊತೆ ಕೈಗವಸನ್ನು ಹೊರಗೆಳೆದರು. ದಪ್ಪ ಚರ್ಮದವು. ಅಂಗೈ ತುಂಬ ಇದ್ದಿಲ ಮಸಿ. ಇಪ್ಪತ್ತಮೂರು ದಿನ ಅವುಗಳ ಮೇಲೆ ತಲೆಯಿಟ್ಟು ಮಲಗಿದ್ದರೂ ಹೊಗೆಯ ವಾಸನೆ ಹೋಗಿರಲಿಲ್ಲ.

"ಅವ್ವಾ, ಏನ್ ಮಾಡಾಕತ್ತಿ ಒಳಗ? ಟೈಮ್ ಆತು."

"ಬಂದೆ, ತಡಿಯವಾ."

ಗವಸುಗಳನ್ನು ಕೋಟಿನ ಜೇಬಿಗೆ ತುರುಕಿ, ದಿಂಬನ್ನು ಮಗುಚಿಟ್ಟು ಎದ್ದರು. ಬಾಗಿಲಲ್ಲಿ ಆರತಿ ನಿಂತಿದ್ದಳು. ಬಿಳಿ ಸೀರೆಯ ಮೇಲೆ ಕಪ್ಪು ಕೋಟು, ಕಣ್ಣು ಬಾತಿದ್ದವು. ಅವ್ವನ ತೋಳಿನ ಮೇಲಿದ್ದ ಪುಕ್ಕವನ್ನು ಎರಡು ಬೆರಳಿನಿಂದ ತೆಗೆದು ಬೆಳಕಿಗೆ ಹಿಡಿದಳು.

"ಇದೆಲ್ಲೀದು?"

"ದಿಂಬು ಹರದೈತಿ."

ಇದೂ ಒಂದು ಸುಳ್ಳೇ. ಆದರೆ ಸಣ್ಣದು. ಗಂಡ ತೀರಿದ ಮರುದಿನ ಹೇಳಿದ್ದರ ಮುಂದೆ ಏನೂ ಅಲ್ಲ.

ಇಪ್ಪತ್ತಮೂರು ದಿನ! ಊರಿನಲ್ಲಾಗಿದ್ದರೆ ಹೊತ್ತು ಮುಳುಗುವುದರೊಳಗೆ ಮಣ್ಣು ಕೊಟ್ಟು ಬಂದು ಸ್ನಾನ ಮಾಡುತ್ತಿದ್ದರು. ಈ ದೇಶದಲ್ಲಿ ಸತ್ತವರೂ ಸರದಿಯಲ್ಲಿ ಕಾಯಬೇಕು. ಕಾಗದ ಬರಬೇಕು, ಜಾಗ ಸಿಗಬೇಕು, ನೆಲ ಕರಗಬೇಕು. ರಾಜಶೇಖರಪ್ಪ ಸ್ವೀಡನ್ನಿನ ಲಿಂಕೋಪಿಂಗಿನ ಯಾವುದೋ ತಣ್ಣನೆಯ ಕೋಣೆಯಲ್ಲಿ ಮಲಗಿದ್ದರೆ, ಅವರ ಹೆಂಡತಿ ಮಗಳ ಮನೆಯಲ್ಲಿ ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ, ಒಗೆದ ಬಟ್ಟೆಯನ್ನೇ ಮತ್ತೆ ಮಡಿಸುತ್ತ, ಕಿಟಕಿಯಿಂದ ಕಿಟಕಿಗೆ ಓಡಾಡುತ್ತ ದಿನ ಕಳೆದಿದ್ದರು. ಊರಿಗೆ ಒಯ್ಯೋಣವೆಂದು ಆರತಿ ಕೇಳಿದ್ದಳು. ಬೇಡವೆಂದವರು ಇವರೇ. ಎಲ್ಲಿ ಬಿದ್ದೆನೋ ಅಲ್ಲೇ ಮಣ್ಣು ಕೊಡು, ಸೈನ್ಯದವನಿಗೆ ಅದೇ ಚೆಂದ ಎಂದು ಗಂಡ ಮದುವೆಯಾದ ಹೊಸದರಲ್ಲೇ ಹೇಳಿದ್ದರು.

ಕಾರು ಹೊರಟಿತು. ಅಳಿಯ ಸಂಜಯ್ ಮನೆಯ ಹಿಂದಿನ ರಸ್ತೆಗೆ ತಿರುಗಿಸುವುದರಲ್ಲಿದ್ದ.

"ಆ ಕಡೆ ಬೇಡ," ಎಂದಳು ಆರತಿ. ಗಂಡನ ಜೊತೆ ಅವಳ ಮಾತು ಬೆಂಗಳೂರಿನದಾಗುತ್ತಿತ್ತು. "ಆ ಮುದುಕನ ಮನೆ ನನಗೆ ನೋಡೋಕಾಗಲ್ಲ."

"ಅದು ಶಾರ್ಟ್ ಕಣೆ. ಹಿಮ ಬೇರೆ ಬೀಳ್ತಿದೆ."

"ಬೇಡ ಅಂದ್ನಲ್ಲ ಸಂಜಯ್. ಹಾರ್ಟ್ ಪೇಷೆಂಟ್ ಅಪ್ಪನ್ನ ಹತ್ತೊಂಬತ್ತು ದಿನ ಐಸ್ ಮೇಲೆ ನಿಲ್ಲಿಸಿ ಕೆಲಸ ಮಾಡಿಸ್ಕೊಂಡಿದಾನೆ. ಒಂದು ತುಕ್ಕು ಹಿಡಿದ ಗಾಡಿಗೋಸ್ಕರ! ಮೇಲೆ ಹೂ ಹಿಡ್ಕೊಂಡು ಬರ್ತಾನೆ ಮನೆಗೆ."

"ನೀನು ಬರಬೇಡ ಅಂದ ಮೇಲೆ ಪಾಪ ಅವರು..."

"ಪಾಪ ಅನ್ಬೇಡ."

ಸಂಜಯ್ ದೊಡ್ಡ ರಸ್ತೆ ಹಿಡಿದ. ಹಿಂದಿನ ಸೀಟಿನಲ್ಲಿ ಸುಲೋಚನಮ್ಮ ಜೇಬಿನೊಳಗೆ ಗವಸಿನ ಹೆಬ್ಬೆರಳನ್ನು ಹಿಡಿದು ಹಿಂಡುತ್ತಿದ್ದರು. ಇವತ್ತು ಹೇಳದಿದ್ದರೆ ಇನ್ನು ಯಾವತ್ತು? ಬರುವ ತಿಂಗಳು ವೀಸಾ ಮುಗಿಯುತ್ತದೆ. ನಾನು ಊರಿಗೆ ಹೋಗುತ್ತೇನೆ, ಆ ಮುದುಕ ಇಲ್ಲೇ ಕಿಟಕಿಯಲ್ಲಿ ಕೂತು ತಾನು ಮಾಡದ ತಪ್ಪನ್ನು ನೋಡುತ್ತಿರುತ್ತಾನೆ.

*

ನವೆಂಬರಿನಲ್ಲಿ ಒಂದು ದಿನ ರಾಜಶೇಖರಪ್ಪ ವಾಕಿಂಗಿಗೆ ಹೋದವರು ಎರಡು ತಾಸಾದರೂ ಬರಲಿಲ್ಲ. ಬಂದಾಗ ಮುಖ ಕೆಂಪಗಾಗಿತ್ತು, ಕಣ್ಣಲ್ಲಿ ಯಾವುದೋ ಹಳೆಯ ಬೆಳಕಿತ್ತು.

"ಅಲ್ಲೊಂದು ಗಾಡಿ ಹೂತೈತಿ," ಎಂದರು, ಟೋಪಿಯನ್ನೂ ತೆಗೆಯದೆ. "ಮಿಲಿಟರಿ ಗಾಡಿ. ಜೌಗಿನ ನಡುವ. ಬಾಗಿಲ ಮಟಾ ಒಳಗ ಹೋಗೇತಿ. ಒಂದು ಹೆಡ್‌ಲೈಟು ಅಷ್ಟ ಮ್ಯಾಲೆ ಐತಿ, ನನ್ನ ಕಡೆನ ನೋಡಾಕತ್ತಿತ್ತು."

ಅವರು ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ರಿಕವರಿ ಮೆಕ್ಯಾನಿಕ್ ಆಗಿದ್ದವರು. ಕಂದಕಕ್ಕೆ ಉರುಳಿದ, ಕೆಸರಿನಲ್ಲಿ ಹೂತ, ಹಿಮದಲ್ಲಿ ಸಿಕ್ಕಿದ ಗಾಡಿಗಳನ್ನು ಹೊರಗೆ ತರುವುದು ಅವರ ಕೆಲಸ. ಗುಂಡು ಹಾರಿಸಿದ ಕತೆ ಕೇಳಲು ಬಂದ ನೆಂಟರಿಗೆ ಅವರ ಹತ್ತಿರ ಏನೂ ಸಿಗುತ್ತಿರಲಿಲ್ಲ. ಆಮೇಲೆ ಹದಿನೈದು ವರ್ಷ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಅದೇ ಕೆಲಸ. ಯಾವ ಘಟ್ಟದಲ್ಲಿ ಬಸ್ಸು ಕೆಟ್ಟರೂ ಊಟದ ತಟ್ಟೆ ಬಿಟ್ಟು ಎದ್ದು ಹೋಗುವ ಗಂಡನನ್ನು ಕಂಡು ಸುಲೋಚನಮ್ಮ ಅರ್ಧ ಆಯುಷ್ಯ ತಣ್ಣಗಾದ ಅನ್ನವನ್ನೇ ಉಂಡಿದ್ದರು.

ಎಂಬತ್ತಾರರ ಚಳಿಗಾಲದಲ್ಲಿ ಒಂದು ಲಾರಿಯನ್ನು ಮಾತ್ರ ಅವರು ಬಿಟ್ಟು ಬಂದಿದ್ದರು. ಹಿಮ ಬಿದ್ದ ಒಂದು ಕಣಿವೆ; ಮೇಲಿನವರ ಹುಕುಂ; ಕತ್ತಲಾಗುವ ಮುಂಚೆ ಎಲ್ಲರೂ ಕೆಳಗಿಳಿಯಬೇಕು. ಆ ಲಾರಿಯ ಡ್ರೈವರು ಬಾನೆಟ್ಟಿನ ಮೇಲಿನ ಹಿಮವನ್ನು ತೋಳಿನಿಂದ ಒರೆಸಿ ಬಂದನಂತೆ, ಇದ್ದಕ್ಕಿದ್ದಂತೆ ಮನೆ ಬಿಟ್ಟು ಹೋಗಬೇಕಾದವರು ದೇವರ ಮೂರ್ತಿ ಒರೆಸಿದ ಹಾಗೆ. ಪ್ರತಿ ವರ್ಷ ಚಳಿ ಶುರುವಾದಾಗ ಒಂದು ಸಲ ಹೇಳುತ್ತಿದ್ದರು: "ನೆಲದಾಗ ಬಿಟ್ಟು ಬಂದಿದ್ದು ಅದೊಂದ." ಅಷ್ಟೇ.

ಜೌಗಿನ ಪಕ್ಕದ ಮನೆಯವನ ಹೆಸರು ಲೆನ್ನಾರ್ಟ್. ಎಪ್ಪತ್ತೆಂಟರ ಒಂಟಿ ಮನುಷ್ಯ. ಅವನ ಫೋನಿಗೆ ಅವನು ಸ್ವೀಡಿಷ್ ಭಾಷೆಯಲ್ಲಿ ಮಾತಾಡಿದರೆ ಒಳಗಿನ ಹೆಂಗಸೊಬ್ಬಳು ಹಿಂದಿಯಲ್ಲಿ ಹೇಳುತ್ತಿದ್ದಳಂತೆ. ರಾಜಶೇಖರಪ್ಪನಿಗೆ ಸೈನ್ಯದ ಹಿಂದಿ ಧಾರಾಳವಾಗಿತ್ತು. ಹಾಗೆ ಗೊತ್ತಾಯಿತು: ಸೈನ್ಯದವರು ಹಳೆಯದೆಂದು ಮಾರಿದ ಗಾಡಿಯನ್ನು ಲೆನ್ನಾರ್ಟನ ಅಣ್ಣ ಕೊಂಡಿದ್ದ. ಮೂವತ್ತೇಳು ವರ್ಷದ ಹಿಂದೆ, ಚಳಿಗಾಲ ಮುಗಿಯುವ ಹೊತ್ತಿಗೆ, ಆಚೆ ದಡದ ಸೌದೆ ತರಲೆಂದು ಜೌಗಿನ ಮೇಲೆ ಓಡಿಸಿದ. ಒಂದು ವಾರ ಮೊದಲಾಗಿದ್ದರೆ ನೆಲ ತಡೆಯುತ್ತಿತ್ತು. ಅಣ್ಣ ಬಾಗಿಲಿನಿಂದ ಹಾರಿ ಬದುಕಿಕೊಂಡ, ಗಾಡಿ ಉಳಿಯಿತು. ಈಗ ಅಣ್ಣನೂ ಇಲ್ಲ. ತಮ್ಮ ದಿನವೂ ಅಡುಗೆಮನೆಯ ಕಿಟಕಿಯಿಂದ ಆ ಒಂದು ಹೆಡ್‌ಲೈಟನ್ನು ನೋಡುತ್ತ ಕಾಫಿ ಕುಡಿಯುತ್ತಾನೆ.

"ಬ್ಯಾಸಗ್ಯಾಗ ಹತ್ರ ಹೋಗಾಕ ಬರಂಗಿಲ್ಲ, ಜೌಗು. ಚಳಿಗಾಲದಾಗ ಹೋಗಬಹುದು, ಆದ್ರ ನೆಲ ಕಚ್ಚಿ ಹಿಡಿದಿರ್ತದ," ಎಂದರು ರಾಜಶೇಖರಪ್ಪ. ಹೇಳಿ ಸುಮ್ಮನಾಗಲಿಲ್ಲ. ಮರುದಿನ ಒಂದು ತಾಟಿನಲ್ಲಿ ನೀರು ಹಾಕಿ, ನಡುವೆ ಸ್ಟೀಲ್ ಲೋಟ ನಿಲ್ಲಿಸಿ ಫ್ರೀಜರಿಗಿಟ್ಟರು. ಗಟ್ಟಿಯಾದ ಮೇಲೆ ಹೆಂಡತಿಯ ಮುಂದಿಟ್ಟು, "ಎಳಿ," ಎಂದರು.

ಸುಲೋಚನಮ್ಮ ಎಳೆದರು. ಲೋಟದ ಜೊತೆ ತಾಟೂ ಎದ್ದು ಬಂತು.

"ನೋಡು. ಎಲ್ಲಾರೂ ಮಾಡೋ ತಪ್ಪು ಇದ. ಟ್ರಾಕ್ಟರ್ ತಂದು ಎಳೀತಾರ. ಚಾಸಿ ಮುರೀತದ, ಇಲ್ಲಂದ್ರ ಹಗ್ಗ ಹರದು ಯಾರದರ ಕಾಲು ಹೊಕ್ಕೈತಿ." ಲೋಟದ ಸುತ್ತ ಚಮಚೆಯಿಂದ ಬಿಸಿನೀರು ಸುರಿದರು, ಹೂವಿನ ಗಿಡಕ್ಕೆ ಹಾಕಿದಷ್ಟು ನಿಧಾನವಾಗಿ. ಆಮೇಲೆ ಒಂದೇ ಬೆರಳಿನಿಂದ ತಳ್ಳಿದರು. ಲೋಟ ಜಾರಿತು. "ಮೊದಲು ಬಿಡಸಬೇಕು. ಎಳಿಯೋದು ಆಮ್ಯಾಲೆ."

ಕೈಸನ್ನೆಗಳನ್ನೂ ಆ ದಿನವೇ ತೋರಿಸಿದರು. ಗದ್ದಲದಲ್ಲಿ ಕೂಗು ಕೇಳುವುದಿಲ್ಲ, ರಿಕವರಿಯವರಿಗೆ ಕೈಯೇ ಬಾಯಿ. ನಾಲ್ಕು ಬೆರಳನ್ನು ತನ್ನ ಕಡೆ ಮಡಿಸಿದರೆ ಮುಂದೆ ಬಾ. ಅಂಗೈಯನ್ನು ಕೆಳಮುಖ ಮಾಡಿ ಇಳಿಸಿದರೆ ನಿಧಾನ ಬಿಡು. ಮುಷ್ಟಿ ಎತ್ತಿದರೆ ನಿಲ್ಲು, ಹಾಗೇ ಹಿಡಿದಿರು. ಮುಷ್ಟಿ ಬಿಚ್ಚಿದರೆ ಹಗ್ಗ ಸಡಿಲಿಸು, ಕೆಲಸ ಮುಗಿಯಿತು. ಸುಲೋಚನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಲೋಟವನ್ನು ಹಿಂದೆ ಮುಂದೆ ಮಾಡಿದರು. ಐವತ್ತು ವರ್ಷದ ಸಂಸಾರದಲ್ಲಿ ಗಂಡ ತನ್ನ ಕೆಲಸವನ್ನು ಹೇಳಿಕೊಟ್ಟದ್ದು ಅದೇ ಮೊದಲು.

ಎರಡು ವರ್ಷದ ಹಿಂದೆ ರಾಜಶೇಖರಪ್ಪನ ಎದೆಗೆ ಸ್ಟೆಂಟ್ ಹಾಕಿದ್ದರು. ಮೈನಸ್ ಐದಕ್ಕಿಂತ ಕೆಳಗಿಳಿದರೆ ಅಪ್ಪ ಹೊರಗೆ ಕಾಲಿಡಬಾರದೆಂದು ಆರತಿ ಕಾನೂನು ಮಾಡಿದ್ದಳು. ಹೊರಗೆ ಮೈನಸ್ ಹನ್ನೆರಡಿತ್ತು.

"ಆಕೀಗೆ ಏನ್ ಹೇಳೂಣು?" ಎಂದು ಕೇಳಿದರು ರಾಜಶೇಖರಪ್ಪ. ಕೇಳಿದ ರೀತಿ ಹೇಗಿತ್ತೆಂದರೆ, ಬೇಡ ಎಂದಿದ್ದರೆ ಅವರು ಸುಮ್ಮನೆ ಕೂತುಬಿಡುತ್ತಿದ್ದರು.

"ಲೈಬ್ರರಿಗೆ ಹೊಕ್ಕಾರ ಅಂತ ಹೇಳ್ತೇನಿ," ಎಂದಿದ್ದರು ಸುಲೋಚನಮ್ಮ.

*

ಸ್ಮಶಾನದಲ್ಲಿ ಜನರೇ ಇರಲಿಲ್ಲ.

ಹೆಣದ ಗಾಡಿ ಬಂದು ನಿಂತಿತ್ತು. ಅದರ ಚಾಲಕ ಕರಿಯ ಸೂಟಿನಲ್ಲಿ ಕೈಕಟ್ಟಿ ನಿಂತಿದ್ದ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಬಾಲಚಂದ್ರ, ಪಿಎಚ್‌ಡಿ ಓದುತ್ತಿದ್ದ ವಿಶಾಲ್, ಇಬ್ಬರೇ ಮರದಡಿ ಕಾಲು ಕುಟ್ಟುತ್ತಿದ್ದರು. ಕುಣಿ ತೋಡಿದವಳು ಜಡೆ ಹೆಣೆದ ಐವತ್ತರ ಹೆಂಗಸು. ಅವಳ ಪಕ್ಕದಲ್ಲಿ ಅರ್ಧ ಪೀಪಾಯಿಯಂಥ ತಗಡಿನ ಮುಚ್ಚಳ ಬೋರಲು ಬಿದ್ದಿತ್ತು, ಸುತ್ತಲಿನ ಹಿಮ ಮಸಿಯಾಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ಸುಲೋಚನಮ್ಮ ನಿಂತುಬಿಟ್ಟರು. ಅದು ತಮ್ಮ ದಿಂಬಿನ ವಾಸನೆ.

"ನೆಲ ಎಂಬತ್ತು ಸೆಂಟಿಮೀಟರ್ ಫ್ರೀಜ್ ಆಗಿತ್ತಂತೆ ಅತ್ತೆ," ಎಂದ ಸಂಜಯ್. "ಎರಡು ದಿನ ಇದರ ಕೆಳಗೆ ಇದ್ದಿಲು ಉರಿಸಿ ಕರಗಿಸಿದಾರೆ."

"ಗೊತ್ತೈತಿ," ಎಂದುಬಿಟ್ಟರು ಸುಲೋಚನಮ್ಮ. ಯಾರೂ ಗಮನಿಸಲಿಲ್ಲ. ಆರತಿಯ ಫೋನು ಕೂಗುತ್ತಿತ್ತು.

"ಆರತಿ, ಎಲ್ಲಿದೀರಾ ನೀವೆಲ್ಲ?" ಸ್ವೀಡನ್ನಿಗೆ ಬಂದ ಕನ್ನಡದವರಿಗೆಲ್ಲ ಅಕ್ಕನಂತಿದ್ದ ಮಾಲತಿಯ ದನಿ. "ನಾವಿಲ್ಲಿ ಹದಿನಾಲ್ಕು ಜನ ಬಾಗಿಲ ಮುಂದೆ ನಿಂತಿದೀವಿ. ಡೋರ್ ಲಾಕ್ ಆಗಿದೆ. ತುಪ್ಪ ಗಟ್ಟಿಯಾಗೋಯ್ತು!"

"ಯಾವ ಬಾಗಿಲು ಮಾಲತಿ?"

"ಕ್ರೆಮಟೋರಿಯಂದು. ಇನ್ಯಾವುದು?"

ಆರತಿ ಕಣ್ಣು ಮುಚ್ಚಿದಳು. "ನಮ್ಮಲ್ಲಿ ಸುಡಲ್ಲ. ಮಣ್ಣು ಮಾಡ್ತೀವಿ. ಮೆಸೇಜಲ್ಲಿ ಅಡ್ರೆಸ್ ಹಾಕಿದ್ದೆ."

"ಅಯ್ಯೋ ದೇವ್ರೇ. ಟೈಮ್ ಮಾತ್ರ ನೋಡಿ, ಜಾಗ ನಾನೇ ಗ್ರೂಪಿಗೆ ಹಾಕ್ಬಿಟ್ಟೆ ಕಣೆ. ನಮ್ಮೋರು ಅಂದ್ರೆ ಇಲ್ಲೇ ತಾನೇ ಅಂತ... ಸಾರಿ ಆರತಿ, ಈಗಲೇ ಬರ್ತೀವಿ. ಎರಡೇ ಕಾರಿರೋದು, ಮಿಕ್ಕವರು ಬಸ್ಸಿಗೆ..."

"ಎಷ್ಟೊತ್ತಾಗತ್ತೆ?"

"ಈ ಹಿಮದಲ್ಲಿ? ಒಂದು ಗಂಟೆ."

ಕುಣಿ ತೋಡಿದ ಹೆಂಗಸು ಆಕಾಶ ನೋಡಿ ಏನೋ ಹೇಳಿದಳು. ಸಂಜಯ್ ತಿರುಗಿಸಿ ಹೇಳಿದ: "ಒಂದು ಗಂಟೆ ಕಾಯೋಕಾಗಲ್ವಂತೆ. ಕತ್ತಲಾಗತ್ತೆ. ತೆಗೆದ ಮಣ್ಣು ಮತ್ತೆ ಕಲ್ಲಾಗೋಗತ್ತೆ, ಮುಚ್ಚೋಕಾಗಲ್ಲ ಅಂತಿದಾರೆ. ಪೆಟ್ಟಿಗೆ ಇಳಿಸೋಕೆ ಆರು ಜನ ಬೇಕು. ನಮ್ಮವರೇ ಹೊರ್ತಾರೆ ಅಂತ ನಾವೇ ಬರೆದುಕೊಟ್ಟಿದ್ದು, ಅದಕ್ಕೆ ಅವರ ಕಡೆಯಿಂದ ಒಬ್ಬರೇ ಬಂದಿರೋದು."

"ಎಣಿಸಿ," ಎಂದ ಬಾಲಚಂದ್ರ. "ನಾನು, ವಿಶಾಲ್, ನೀವು, ಡ್ರೈವರ್ರು. ನಾಲ್ಕು. ಈ ಮೇಡಮ್ಮು?"

"ಬೆನ್ನು ಹಿಡಿದಿದೆಯಂತೆ. ಎತ್ತಬಾರದು ಅಂತ ಡಾಕ್ಟರ್ ಹೇಳಿದಾರಂತೆ."

"ನಾನು ಹಿಡೀತೀನಿ," ಎಂದಳು ಆರತಿ. "ಐದು."

"ಐದರಲ್ಲಿ ಆಗಲ್ಲ ಆರತಿ. ಒಂದು ಕಡೆ ವಾಲಿದ್ರೆ..." ಎಂದ ವಿಶಾಲ್.

ಅಷ್ಟರಲ್ಲಿ ಮಂತ್ರ ಹೇಳಬೇಕಿದ್ದ ಹುಬ್ಬಳ್ಳಿಯ ಅಯ್ಯನವರು ವಿಡಿಯೋದಲ್ಲಿ ಸಿಕ್ಕರು. "ಕೂಡಿಸೀರೇನ್ರಿ?" ಎಂಬುದೇ ಅವರ ಮೊದಲ ಪ್ರಶ್ನೆ. ಅವರ ಪದ್ಧತಿಯಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡಬೇಕು. "ಇಲ್ಲಿ ಮಲಗಿಸಲೇಬೇಕು ಅಂತಾರ್ರಿ," ಎಂದು ಆರತಿ ಅಂದಳು. ಅಯ್ಯನವರು ಸ್ವಲ್ಪ ಹೊತ್ತು ಗಡ್ಡ ಕೆರೆದು, "ಆತು ಬಿಡ್ರಿ, ಅಂಗೈಯಾಗ ಲಿಂಗ ಐತಿಲ್ಲ?" ಎಂದರು. ಇದೆ ಎನ್ನುವಷ್ಟರಲ್ಲಿ ಚಳಿಗೆ ಫೋನು ಸತ್ತುಹೋಯಿತು. ಸಂಜಯ್ ಅದನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡತೊಡಗಿದ.

ಮಲಗಿದ್ದಾರೆ, ಎಂದುಕೊಂಡರು ಸುಲೋಚನಮ್ಮ. ಜೀವಮಾನದಲ್ಲಿ ಹಗಲು ಹೊತ್ತು ಮಲಗಿದವರಲ್ಲ.

ಕಲ್ಲಿನ ಗೋಡೆಯ ಆಚೆ, ರಸ್ತೆಯ ಬದಿಗೆ, ಟ್ರೇಲರ್ ಕಟ್ಟಿದ ಒಂದು ಕಾರು ನಿಂತಿತ್ತು. ಟ್ರೇಲರಿನ ಮೇಲೆ ಹಸಿರು ಬಣ್ಣ ಸುಲಿದ, ಮೂತಿ ಚಪ್ಪಟೆಯಾದ ಒಂದು ಹಳೆಯ ಗಾಡಿ. ಒಂದು ಹೆಡ್‌ಲೈಟು. ಅದರ ಪಕ್ಕದಲ್ಲಿ ನೀಲಿ ಟೋಪಿಯ ಮುದುಕನೊಬ್ಬ, ಗೇಟಿನೊಳಗೆ ಕಾಲಿಡದೆ, ಟೋಪಿಯನ್ನು ಕೈಗೆ ತೆಗೆದುಕೊಂಡು ನಿಂತಿದ್ದ. ಬಿಳಿಯ ತಲೆಯ ಮೇಲೆ ಹಿಮ ಬೀಳುತ್ತಿತ್ತು.

ಆರತಿಯೂ ಕಂಡಳು. ಮುಖ ತಿರುಗಿಸಿದಳು.

*

ಹತ್ತೊಂಬತ್ತನೆಯ ದಿನ ರಾಜಶೇಖರಪ್ಪ ಎರಡು ಗಂಟೆಗೇ ಮನೆಗೆ ಬಂದರು. ಹದಿನೆಂಟು ದಿನವೂ ಅವರ ಬುತ್ತಿಗೆ ಚಟ್ನಿಪುಡಿ ಸವರಿ ಸುತ್ತಿದ ರೊಟ್ಟಿ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿ ಕಳಿಸಿದ್ದು ಸುಲೋಚನಮ್ಮ. ಒದ್ದೆ ಗವಸನ್ನು ತಮ್ಮ ಕೋಣೆಯ ರೇಡಿಯೇಟರಿನ ಮೇಲೆ ಒಣಹಾಕಿ, ಮೇಲೊಂದು ಸೀರೆ ಹರಡಿದ್ದೂ ಅವರೇ. ಇವತ್ತು ಎಷ್ಟಾಯಿತು ಎಂದು ದಿನಾ ಕೇಳುತ್ತಿದ್ದರು. ಗಂಡ ಗುಟ್ಟಾಗಿ ಹೇಳುತ್ತಿದ್ದರು: ಮುಂದಿನ ಎಡಗಾಲಿ ಬಿಟ್ಟಿತು. ಹಿಂದಿನ ಅಚ್ಚಿನ ಕೆಳಗೆ ತೊಲೆ ಹೋಯಿತು. ನೆಲ ಕರಗಿಸಲು ಲೆನ್ನಾರ್ಟ್ ರಾತ್ರಿ ಎದ್ದು ಇದ್ದಿಲು ಹಾಕಿದನಂತೆ. ಎರಡು ಪೈನ್ ಮರಕ್ಕೆ ರಾಟೆ ಕಟ್ಟಿದೆವು. ಸುಲೋಚನಮ್ಮನಿಗೆ ಗಾಡಿ ಕಣ್ಣಿಗೆ ಕಟ್ಟಿತ್ತು, ಒಂದು ದಿನವೂ ನೋಡದೆ.

ಬಾಗಿಲ ಸದ್ದಿಗೆ ಸುಲೋಚನಮ್ಮ ಬಂದಾಗ ಅವರು ಒಳಗಿನ ಪುಟ್ಟ ಮಣೆಯ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು.

"ಬಂತು," ಎಂದರು. "ಇಡೀ ಬಂತು. ಒಂದು ಬೋಲ್ಟು ಮುರೀಲಿಲ್ಲ. ಮುದುಕ ಅತ್ತುಬಿಟ್ಟ ನೋಡು."

"ಚಹಾ ಇಡ್ಲಿ?"

"ಇಡು."

ಚಹಾ ಉಕ್ಕಿತು. ಸೋಸಿ ತಂದಾಗ ಒಂದು ಬೂಟು ಬಿಚ್ಚಿತ್ತು, ಒಂದು ಕಾಲಲ್ಲೇ ಇತ್ತು. ರಾಜಶೇಖರಪ್ಪ ಗೋಡೆಗೆ ತಲೆಯಾನಿಸಿ ಕೂತಿದ್ದರು. ಸುಲೋಚನಮ್ಮ ಕರೆದರು, ಭುಜ ಅಲುಗಿಸಿದರು. ತಲೆ ಪಕ್ಕಕ್ಕೆ ಜಾರಿತು.

ಆಗ ಫೋನು ಮಾಡಬೇಕಿತ್ತು. ಎಲ್ಲಿಗೆ ಒತ್ತಬೇಕೆಂದು ಆರತಿ ಫ್ರಿಜ್ಜಿನ ಮೇಲೆ ಬರೆದಂಟಿಸಿದ್ದಳು, ಮೂರೇ ಅಂಕಿ. ಆದರೆ ಸುಲೋಚನಮ್ಮನ ಕಣ್ಣಿಗೆ ಬಿದ್ದದ್ದು ಮಸಿಯ ಜಾಕೆಟ್ಟು. ಮಗಳು ಬಂದರೆ ಇದನ್ನು ನೋಡುತ್ತಾಳೆ. ಅಷ್ಟೇ ಹೊಳೆದದ್ದು. ತೋಳಿನಿಂದ ಜಾಕೆಟ್ಟು ಎಳೆದರು. ಆ ಕೈ ಇನ್ನೂ ಬೆಚ್ಚಗಿತ್ತು. ಬೂಟು ಬಿಚ್ಚಿದರು. ಮುಖ ಒರೆಸಿದರು. ಜಾಕೆಟ್ಟನ್ನು ಕಸದ ಚೀಲಕ್ಕೆ ಹಾಕಿ ಕೆಳಗೆ ಬಿಟ್ಟು ಬಂದರು. ಗವಸುಗಳನ್ನು ಎಸೆಯಲು ಕೈ ಬರಲಿಲ್ಲ. ಆಮೇಲೆ ಫೋನು.

ಕ್ಷಣದೊಳಗೇ ಹೋಗಿದ್ದಾರೆ, ಯಾರೂ ಏನೂ ಮಾಡುವಂತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹೇಳಲಿ. ಆ ಕೈ ಬೆಚ್ಚಗಿತ್ತು.

ಮರುದಿನ ಲೆನ್ನಾರ್ಟ್ ಹೂ ಹಿಡಿದು ಬಂದಾಗ ಆರತಿಗೆ ಎಲ್ಲ ತಿಳಿಯಿತು. ಅವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ತಿರುಗಿ ನೋಡಿದಳು.

"ಅವ್ವಾ, ನಿನಗ ಗೊತ್ತಿತ್ತೇನ?"

"ಇಲ್ಲವಾ," ಎಂದಿದ್ದರು ಸುಲೋಚನಮ್ಮ.

*

"ಆರತಿ, ಇಲ್ಲಿ ಬಾ."

"ಈಗ ಬ್ಯಾಡವ್ವಾ. ಇನ್ನೊಬ್ರು ಯಾರಾದ್ರೂ ಸಿಗ್ತಾರೇನು ನೋಡ್ತೇನಿ ತಡಿ."

"ಬಾ ಇಲ್ಲಿ."

ಆ ದನಿಯನ್ನು ಆರತಿ ಬಹಳ ವರ್ಷದಿಂದ ಕೇಳಿರಲಿಲ್ಲ. ಬಂದಳು. ಮಣ್ಣಿನ ಗುಡ್ಡೆಯ ಮರೆಯಲ್ಲಿ ಇಬ್ಬರೇ. ಸುಲೋಚನಮ್ಮ ಜೇಬಿನಿಂದ ಗವಸುಗಳನ್ನು ತೆಗೆದು ಮಗಳ ಮುಂದೆ ಹಿಡಿದರು. ಒಂದೆರಡು ಪುಕ್ಕ ಅಂಟಿಕೊಂಡಿದ್ದವು.

ಆರತಿ ಅವನ್ನು ನೋಡಿದಳು, ಅವ್ವನನ್ನು ನೋಡಿದಳು. ಮತ್ತೆ ಪುಕ್ಕವನ್ನು ನೋಡಿದಳು.

"ನಿಮ್ಮಪ್ಪನ್ವು. ನಾನ ಒಣಗಿಸಿ ಕೊಡತಿದ್ದೆ ದಿನಾ."

"ಏನಂದಿ?"

"ನಾನ ಕಳಿಸಿದ್ದು. ಬುತ್ತಿ ಕಟ್ಟಿ ಕಳಿಸ್ದೆ. ಅವರು ನನ್ನ ಕೇಳಿದ್ರು ಆರತಿ. ಬ್ಯಾಡ ಅಂದಿದ್ರ ಹೊಕ್ಕಿದ್ದಿಲ್ಲ. ಆ ಮನಷ್ಯಾಂದು ಏನೂ ತಪ್ಪಿಲ್ಲ."

"ನಾ ಕೇಳಿದಾಗ ಇಲ್ಲ ಅಂದಿ."

"ಹೂಂ."

"ಮುಖಾ ನೋಡಿ ಇಲ್ಲ ಅಂದಿ."

"ಹೂಂ. ಇನ್ನೊಂದೈತಿ." ತುಟಿ ಚಳಿಗೆ ಮರಗಟ್ಟಿತ್ತು, ಮಾತು ಸರಿಯಾಗಿ ಹೊರಳುತ್ತಿರಲಿಲ್ಲ. "ಅವತ್ತು... ಮೊದಲು ಜಾಕೆಟ್ ತಗದೆ. ಬೂಟು ತಗದೆ. ಮುಚ್ಚಿಟ್ಟು ಬಂದೆ. ಆಮ್ಯಾಲೆ ಫೋನ್ ಮಾಡಿದೆ."

ಆರತಿಯ ಬಾಯಿಂದ ಬಿಳಿ ಉಗಿ ಹೊರಟು, ನಿಂತು, ಮತ್ತೆ ಹೊರಟಿತು. "ಎಷ್ಟೊತ್ತು?"

"ಗೊತ್ತಿಲ್ಲ. ಚಹಾ ಆರಿತ್ತು."

ಆಚೆಯಿಂದ ಸಂಜಯ್ ಕೂಗಿದ: "ಆರತಿ! ಏನ್ ಮಾಡೋಣ, ಬೆಳಕು ಹೋಗ್ತಿದೆ!" ಆರತಿ ಕೈಯೆತ್ತಿದಾಗ ಹೊಡೆಯುತ್ತಾಳೆಂದೇ ಸುಲೋಚನಮ್ಮನಿಗೆ ಅನ್ನಿಸಿತು, ಹೊಡೆದರೂ ಆಗುತ್ತಿತ್ತು. ಅವಳು ಗವಸುಗಳನ್ನು ಕಿತ್ತುಕೊಂಡಳು. ಅವುಗಳೊಳಗೆ ಮುಖ ಹುದುಗಿಸಿದಳು. ಭುಜ ಎರಡು ಸಲ ಮೇಲೆ ಕೆಳಗೆ ಆಯಿತು. ತಲೆಯೆತ್ತಿದಾಗ ಮೂಗಿನ ಮೇಲೆ ಮಸಿಯಿತ್ತು.

"ನಿನ್ನ ಜೋಡಿ ಮಾತಾಡೋದೈತಿ ನನಗ," ಎಂದಳು. "ಭಾಳ ಮಾತಾಡೋದೈತಿ."

"ಮಾತಾಡು."

"ಇವತ್ತಲ್ಲ."

ಅಷ್ಟು ಹೇಳಿ ಅವಳೇ ಗೇಟಿನ ಕಡೆ ಹೊರಟಳು. ಅರ್ಧ ದಾರಿಯಲ್ಲಿ ಅವಳ ಕಾಲು ನಿಧಾನವಾಯಿತು. ಸುಲೋಚನಮ್ಮನಿಗೆ ತಡೆಯಲಾಗಲಿಲ್ಲ, ಸೀರೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಹಿಮದಲ್ಲಿ ಜಾರುತ್ತ, ಮಗಳನ್ನು ದಾಟಿ ಗೇಟಿಗೆ ಹೋದರು. ಲೆನ್ನಾರ್ಟನನ್ನು ಅವರು ಹತ್ತಿರದಿಂದ ನೋಡಿದ್ದು ಅದೇ ಮೊದಲು. ನೀಲಿ ಕಣ್ಣು, ಉದ್ದ ಮೂಗು, ಉಗುರಿನ ಸಂದಿಯಲ್ಲಿ ಇನ್ನೂ ಹೋಗದ ಮಸಿ. ಅವರಿಬ್ಬರ ನಡುವೆ ಒಂದು ಭಾಷೆಯೂ ಇರಲಿಲ್ಲ. ಸುಲೋಚನಮ್ಮ ಕೈಯೆತ್ತಿ, ನಾಲ್ಕು ಬೆರಳನ್ನು ತಮ್ಮ ಕಡೆ ಮಡಿಸಿದರು. ಮುಂದೆ ಬಾ.

ಮುದುಕನ ಮುಖ ಬದಲಾಯಿತು. ಹತ್ತೊಂಬತ್ತು ದಿನ ಕಂಡ ಸನ್ನೆ ಅದು. ಅವನು ಟೋಪಿಯನ್ನು ಗಾಡಿಯ ಬಾನೆಟ್ಟಿನ ಮೇಲಿಟ್ಟು ಒಳಗೆ ಬಂದ. ಆರತಿಯ ಎದುರು ನಿಂತ. ಅವಳು ಸ್ವೀಡಿಷ್ ಭಾಷೆಯಲ್ಲಿ ಒಂದು ಮಾತು ಹೇಳಿದಳು, ಚಿಕ್ಕದು. ಅವನು ಹೌದೆಂಬಂತೆ ತುಸುವೇ ತಲೆಯಾಡಿಸಿದ.

ಪೆಟ್ಟಿಗೆಯ ಕೆಳಗೆ ಮೂರು ಪಟ್ಟಿಗಳು, ಆರು ತುದಿಗಳು. ತಲೆಯ ಕಡೆ ಸಂಜಯ್ ಮತ್ತು ಬಾಲಚಂದ್ರ, ಕಾಲಿನ ಕಡೆ ವಿಶಾಲ್ ಮತ್ತು ಡ್ರೈವರು. ನಡುವಿನ ಪಟ್ಟಿಯ ಒಂದು ತುದಿ ಲೆನ್ನಾರ್ಟನಿಗೆ ಬಂತು. ಇನ್ನೊಂದನ್ನು ಆರತಿ ಹಿಡಿದಳು. ಹಿಡಿಯುವ ಮುಂಚೆ ಅಪ್ಪನ ಗವಸು ಹಾಕಿಕೊಂಡಳು. ಅವುಗಳ ಬೆರಳಿನ ತುದಿಗಳು ಖಾಲಿಯಾಗಿ ಬಾಗಿದವು.

ಕಂಕುಳಲ್ಲಿ ಬೆಚ್ಚಗಾಗಿ ಮತ್ತೆ ಜೀವ ಬಂದಿದ್ದ ಫೋನನ್ನು ಸಂಜಯ್ ಕುಣಿ ತೋಡಿದ ಹೆಂಗಸಿನ ಕೈಗೆ ಕೊಟ್ಟ. ಅವಳು ಅಯ್ಯನವರನ್ನು ಕುಣಿಯ ಕಡೆ ತಿರುಗಿಸಿ ಹಿಡಿದಳು. ಅಲ್ಲಿಂದ ಮಂತ್ರ ಬಿಟ್ಟು ಬಿಟ್ಟು ಬರತೊಡಗಿತು.

ಪೆಟ್ಟಿಗೆ ಎದ್ದಿತು. ಕುಣಿಯ ಮೇಲೆ ಬಂತು. ಇಳಿಯತೊಡಗಿತು.

ಎರಡಡಿ ಇಳಿದಿರಬೇಕು, ವಿಶಾಲನ ಬೂಟು ಜಾರಿತು. ಕಾಲಿನ ಕಡೆ ಒಮ್ಮೆಲೇ ಕುಸಿಯಿತು. ಪೆಟ್ಟಿಗೆ ವಾಲಿ ಕುಣಿಯ ಗೋಡೆಗೆ ತಾಗಿ ಕರಕರ ಎಂದಿತು. "ಬಿಡ್ಬೇಡಿ! ಹಿಡೀರಿ! ಮೇಲೆ ಎತ್ತಿ!" "ಎಳೀಬೇಡಿ ಸಾರ್, ಕೈ ಕೊಯ್ತಿದೆ!" ಹೆಂಗಸು ಸ್ವೀಡಿಷ್‌ನಲ್ಲಿ ಕೂಗಿದಳು, ಫೋನಿನೊಳಗೆ ಅಯ್ಯನವರು ಏನಾತ್ರೀ ಎಂದು ಕೂಗಿದರು. ಒಬ್ಬರು ಎಳೆದರೆ ಒಬ್ಬರು ಬಿಡುತ್ತಿದ್ದರು.

ಸುಲೋಚನಮ್ಮ ಕುಣಿಯ ತಲೆಯ ಕಡೆ ಬಂದು ನಿಂತು ಮುಷ್ಟಿ ಎತ್ತಿದರು.

ಮೊದಲು ಲೆನ್ನಾರ್ಟ್ ನಿಂತ, ಕಲ್ಲಿನ ಹಾಗೆ. ಅವನನ್ನು ನೋಡಿ ಆರತಿ ನಿಂತಳು. ನಡುವಿನ ಪಟ್ಟಿ ನಿಂತಿದ್ದರಿಂದ ಉಳಿದವರೂ ನಿಲ್ಲಬೇಕಾಯಿತು. ಗದ್ದಲ ಅಡಗಿತು.

ಸುಲೋಚನಮ್ಮ ವಿಶಾಲನ ಕಡೆಗೆ ನೋಡದೆ, ಎಡಗೈಯಿಂದ ಅವನಿಗೆ ಹಾಗೇ ಹಿಡಿದಿರಲು ತೋರಿಸಿ, ಬಲಗೈಯ ಅಂಗೈಯನ್ನು ಸಂಜಯ್ ಮತ್ತು ಬಾಲಚಂದ್ರರ ಮುಂದೆ ಕೆಳಮುಖ ಮಾಡಿ ಇಳಿಸಿದರು. ಒಂದು ಗೇಣು. ತಲೆಯ ಕಡೆ ಇಳಿದು ಪೆಟ್ಟಿಗೆ ಸಮವಾಯಿತು. ಮುಷ್ಟಿ. ಎಲ್ಲರೂ ಉಸಿರು ತೆಗೆದುಕೊಂಡರು. ಆಮೇಲೆ ಎರಡೂ ಅಂಗೈ, ಮೆಲ್ಲಗೆ, ಬಿಸಿನೀರು ಸುರಿದಷ್ಟು ನಿಧಾನವಾಗಿ. ಆರು ಜೊತೆ ಕಣ್ಣುಗಳು ಆ ಎರಡು ಅಂಗೈಯ ಮೇಲಿದ್ದವು. ಪಟ್ಟಿಗಳು ಬೆರಳುಗಳ ನಡುವೆ ಸರಿದವು. ಒಂದು ಕಡೆಯೂ ತಾಗಲಿಲ್ಲ.

ಕೆಳಗೆ ಮೆತ್ತಗೆ ಸದ್ದಾಯಿತು. ತಳ ಮುಟ್ಟಿತ್ತು. ಸುಲೋಚನಮ್ಮನ ಮುಷ್ಟಿ ಎದ್ದಿತು.

ಅಲ್ಲಿಯೇ ಉಳಿಯಿತು.

ಪಟ್ಟಿಗಳಲ್ಲಿ ಈಗ ಭಾರವಿರಲಿಲ್ಲ. ಆದರೂ ಯಾರೂ ಬಿಡಲಿಲ್ಲ. ಆರೂ ಜನ ಬಿಗಿಯಾಗಿ ಹಿಡಿದು, ಆ ಮುದುಕಿಯ ಕೈಯನ್ನೇ ನೋಡುತ್ತ ನಿಂತರು. ಫೋನು ಮತ್ತೆ ಸತ್ತಿತ್ತು. ಹಿಮ ಮುಷ್ಟಿಯ ಗೆಣ್ಣುಗಳ ಮೇಲೆ ಬಿದ್ದು ಕರಗಿ ಮಣಿಕಟ್ಟಿಗೆ ಹರಿಯಿತು. ದೂರದ ರಸ್ತೆಯಲ್ಲಿ ಕಾರೊಂದು 'ಬಂದೆವು' ಎಂಬಂತೆ ಹಾರ್ನ್ ಹೊಡೆಯಿತು. ಗೋಡೆಯ ಆಚೆ, ಟ್ರೇಲರಿನ ಮೇಲೆ, ಟೋಪಿ ಇಟ್ಟ ಗಾಡಿಯ ಒಂದೇ ಹೆಡ್‌ಲೈಟು ಈ ಕಡೆ ತಿರುಗಿತ್ತು.

ಲೆನ್ನಾರ್ಟ್ ಆ ಮುಷ್ಟಿ ಬಿಚ್ಚುವುದನ್ನೇ ಕಾಯುತ್ತಿದ್ದ. ಅವನಿಗೆ ಕಾಯುವುದು ಗೊತ್ತಿತ್ತು.

"ಅವ್ವಾ," ಎಂದಳು ಆರತಿ, ಮಸಿಯ ಗವಸಿನಲ್ಲಿ ಪಟ್ಟಿ ಹಿಡಿದೇ.

ಸುಲೋಚನಮ್ಮ ಮೊದಲು ಕಿರುಬೆರಳು ಬಿಚ್ಚಿದರು.